‘ನಾಳೆ ಹೇಳ್ತೀನಿ’ ಎಂಬ ಎಮ್ಮೆ

"ನಾಳೆ ಹೇಳ್ತೀನೀ... ಓಓ ನಾಳೆ ಹೇಳ್ತೀನೀ..."

ದಟ್ಟ ಮಂಜಿನೊಳಗಿಂದ ಬಂದ ಗಂಡಸಿನ ದನಿ ಅದು. ಉದ್ದಕ್ಕೆ, ಮೆತ್ತಗೆ, ಎಲ್ಲೂ ತುಂಡಾಗದೆ ಎಳೆಯೆಳೆಯಾಗಿ ಬರುತ್ತಿತ್ತು.

ಎರ್ಸಿಲಿಯಾ ಹಾಲಿನ ಕ್ಯಾನು ಹಿಡಿದು ನಿಂತಲ್ಲೇ ನಿಂತಳು. ಸುತ್ತ ನೋಡಿದಳು. ಯಾರೂ ಇಲ್ಲ. ಅಂದರೆ... ತನಗೇ!

'ಸಲೆರ್ನೋ ಬಸ್ಸಿನಿಂದ ಇಳಿದು ಇನ್ನೂ ಒಂದು ಹಗಲು ಕಂಡಿಲ್ಲ. ಆಗಲೇ ಶುರು ಹಚ್ಚಿಕೊಂಡನಲ್ಲ ಯಾವನೋ! ಹೇಳುವುದೇನಂತೆ? ಅದೂ ನಾಳೆಯಂತೆ!'

ಕ್ಯಾನು ಕೆಳಗಿಟ್ಟಳು. ಸೊಂಟದ ಮೇಲೆ ಕೈಯಿಟ್ಟಳು.

"ಏನಯ್ಯಾ! ಧೈರ್ಯ ಇದ್ರೆ ಇವತ್ತೇ ಹೇಳು! ನಾಳೆವರೆಗೆ ನಿನ್ನನ್ನ ಯಾರು ಕಾಯ್ತಾ ಕೂತಿರ್ತಾರೆ?"

ಉತ್ತರ ಬಂದದ್ದು ಬೆನ್ನ ಹಿಂದಿನಿಂದ. ಬಿಸಿ ಉಸಿರು! ತಿರುಗಿದರೆ ಎರಡು ಕೊಂಬು, ಒಂದು ಒದ್ದೆ ಮೂಗು, ಬಾಗಿಲಿನಷ್ಟು ಅಗಲದ ಕಪ್ಪು ಎಮ್ಮೆ.

"ಅಮ್ಮಾ ಮರಿಯಾ!" ಕ್ಯಾನು ಒಂದು ಕಡೆ ಉರುಳಿತು, ಅವಳು ಇನ್ನೊಂದು ಕಡೆ.

ಮಂಜು ಸರಿಸಿಕೊಂಡು ಒಬ್ಬ ಬಂದ. ಉದ್ದನೆಯ ಕೋಲು, ಮೊಣಕಾಲಿನವರೆಗೆ ಕೆಸರಿನ ಬೂಟು. ಕೈ ಚಾಚಲೋ ಬೇಡವೋ ಎಂದು ತೋಚದೆ ಕೋಲಿನ ತುದಿಯನ್ನೇ ಚಾಚಿದ.

"ಕ್ಷಮಿಸಿ... ಕರೆದದ್ದು ನಿಮ್ಮನ್ನಲ್ಲ. ಇವಳನ್ನ."

"ಇವಳ ಹೆಸರು... ನಾಳೆ ಹೇಳ್ತೀನಿ?"

"ಹೂಂ."

"ಅದೂ ಒಂದು ಹೆಸರಾ?"

"ಹುಟ್ಟಿದ ದಿನ ಏನು ಹೆಸರಿಡ್ತೀಯಾ ಅಂತ ಧಣಿ ಕೇಳಿದ್ರು. ನಾಳೆ ಹೇಳ್ತೀನಿ ಅಂದೆ. ಅಷ್ಟಕ್ಕೇ ಇವಳು ಕಿವಿ ನಿಮಿರಿಸಿ ಎದ್ದು ಬಂದುಬಿಟ್ಟಳು. ಇನ್ನೇನು ಮಾಡೋದು?"

ಅವನು ನಗಲಿಲ್ಲ. ನಗದೇ ಇರಲು ಪಟ್ಟ ಪಾಡು ಮಾತ್ರ ಅವನ ಕೆನ್ನೆಯಲ್ಲಿ ಕಾಣುತ್ತಿತ್ತು. ಹಟ್ಟಿಯ ಆಚೆ ಹಾಲು ಕರೆಯುತ್ತಿದ್ದವರಿಗೆ ಅಷ್ಟು ಸಂಯಮ ಎಲ್ಲಿಯದು? ಹೋ ಎಂದು ನಕ್ಕರು.

ಮಧ್ಯಾಹ್ನದ ಹೊತ್ತಿಗೆ ಇಡೀ ಹಟ್ಟಿಗೆ ಸುದ್ದಿ. ನೀರು ಸೇದಲು ಹೋದರೆ, "ಎರ್ಸಿಲಿಯಾ, ಇವತ್ತೇ ಹೇಳ್ಲಾ?" ರೊಟ್ಟಿ ತರಲು ಹೋದರೆ, "ಎರ್ಸಿಲಿಯಾ, ನಾಳೆವರೆಗೆ ಕಾಯ್ತೀಯಾ?"

ಅವನ ಹೆಸರು ಸಬಾತೋ. ಆ ನಾಡಿನ ಮಾತಿನಲ್ಲಿ ಶನಿವಾರ ಎಂದರ್ಥ. ಎರ್ಸಿಲಿಯಾಗೆ ಆ ವಾರವಿಡೀ ಶನಿವಾರವೇ!

"ಅವನ ತಪ್ಪೇನೇ?" ಅಂದಳು ಅಡುಗೆಯ ರಫಿಲೀನಾ ಅತ್ತೆ. ತಾಯಿಯಿಲ್ಲದ ಎರ್ಸಿಲಿಯಾಗೆ ಆ ಹಟ್ಟಿಯಲ್ಲಿ ಮಾತಾಡಲು ಸಿಕ್ಕ ಹೆಣ್ಣು ಜೀವ ಅದೊಂದೇ. "ಹೆಸರಿಡೋದು, ಹೆಸರು ಹಿಡಿದು ಕರೆಯೋದು, ಎರಡೂ ಕಾಯುವವನ ಹಕ್ಕು. ಯಾವಳ ಹೆಸರು ಕರೆದ್ರೆ ಇಡೀ ಹಿಂಡಿನಲ್ಲಿ ಅವಳೊಬ್ಬಳೇ ಎದ್ದು ಬರ್ತಾಳೆ, ಹಾಲು ಬಿಡ್ತಾಳೆ. ಅದೂ ಅವನ ದನಿಗೆ ಮಾತ್ರ. ಬಿಷಪ್ಪರೇ ಬಂದು ಕೂಗಲಿ, ಕತ್ತು ತಿರುಗಿಸಲ್ಲ!"

ಎರ್ಸಿಲಿಯಾ ಸುಮ್ಮನೆ ಕೇಳಿಸಿಕೊಂಡಳು. ಅವಳು ಸುಮ್ಮನಿದ್ದಾಳೆ ಎಂದರೆ ಗಂಟಲು ಕೆಲಸ ಮಾಡುತ್ತಿದೆ ಎಂದೇ ಲೆಕ್ಕ.

ಆ ಗಂಟಲಲ್ಲಿ ಒಂದು ಊರೇ ಇತ್ತು ನೋಡಿ. ಧಣಿ ದೊನ್ ಲಿಬೋರಿಯೋ ಕಾಲಿನ ಹೆಬ್ಬೆರಳ ವಾತಕ್ಕೆ ನರಳುವುದು, ಹಟ್ಟಿಯ ಗಿಣ್ಣು, ಅಂದರೆ ಚೀಸು, ಮಾಡುವ ಮೇಸ್ತ್ರಿಯಾದ ಅಪ್ಪ ಜೆರಾರ್ದೋ ಮೊಸರಿನ ತಿಳಿ ಚಪ್ಪರಿಸಿ ಗೊಣಗುವುದು, ಪಾದ್ರಿಗಳ ಮೂಗಿನ ಪ್ರಾರ್ಥನೆ... ಒಮ್ಮೆ ಕೇಳಿದರೆ ಸಾಕು, ಒಳಗೆ ಮನೆ ಮಾಡಿಕೊಳ್ಳುತ್ತಿತ್ತು; ಬೇಕೆಂದಾಗ ಅವರದೇ ದನಿಯಲ್ಲಿ ಹೊರಬರುತ್ತಿತ್ತು.

ಸಬಾತೋನ ಕೂಗನ್ನು ಮಾತ್ರ ಅವಳು ಒಮ್ಮೆಯಲ್ಲ, ದಿನಾ ಕೇಳಿದಳು. ಬೆಳಗಿನ ಜಾವ ಎದ್ದು ಕೇಳಿದಳು.

'ಸೇಡಿಗೆ ಕಲಿಯುತ್ತಿದ್ದೇನೆ' ಎಂದುಕೊಂಡಳು. ಸೇಡಿಗಾಗಿ ಯಾರಾದರೂ ಚಳಿಯಲ್ಲಿ ಕಿಟಕಿ ತೆರೆದಿಟ್ಟು ಮಲಗುತ್ತಾರಾ?

*

ಕಾರ್ನಿವಾಲಿನ ಮಂಗಳವಾರ. ಮರುದಿನದಿಂದ ಉಪವಾಸದ ದಿನಗಳು. ಹಾಗಾಗಿ ಅಂದು ಅಂಗಳದಲ್ಲಿ ತಿಂದಷ್ಟೂ ಹಂದಿಮಾಂಸ, ಕುಡಿದಷ್ಟೂ ವೈನು, ಹೆಂಗಸರಿಗೆ ಗಂಡಸರ ವೇಷ.

ಎರ್ಸಿಲಿಯಾ ಇದ್ದಿಲಿನಲ್ಲಿ ಮೀಸೆ ಬರೆದುಕೊಂಡು ಕಲ್ಲುಗೋಡೆ ಏರಿದಳು. ಧಣಿಯಾದಳು. ಧಣಿಯೇ ಹೊಟ್ಟೆ ಹಿಡಿದು ನಕ್ಕರು. ಅಪ್ಪನಾದಳು. ಅಪ್ಪ ಟೋಪಿ ಬೀಸಿದ.

"ಸಬಾತೋ! ಸಬಾತೋನ ಮಾಡು!" ಅಂಗಳ ಕೂಗಿತು.

ಸಬಾತೋ ಅಲ್ಲಿರಲಿಲ್ಲ. ಬಯಲಾಚೆಯ ದೊಡ್ಡಿಯಲ್ಲಿ ಹೊಸದಾಗಿ ಈದ ಎಮ್ಮೆಗಳ ಬಳಿ ಇದ್ದ. ‘ನಾಳೆ ಹೇಳ್ತೀನಿ’ ಈದು ಇನ್ನೂ ವಾರವಾಗಿರಲಿಲ್ಲ.

ಎರ್ಸಿಲಿಯಾ ಕೋಲು ಊರಿದಳು. ಗಂಟಲು ಇಳಿಸಿದಳು.

"ನಾಳೆ ಹೇಳ್ತೀನೀ... ಓಓ ನಾಳೆ ಹೇಳ್ತೀನೀ..."

ಅಂಗಳ ಒಂದು ಕ್ಷಣ ಬೆಚ್ಚಿತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ! "ಅವನೇ! ಅವನೇ ನಿಂತ ಹಾಗಿದೆ! ಇನ್ನೊಂದು ಸಲ!"

ಎರಡನೇ ಸಲ ಕರೆದಳು. ದೂರದಲ್ಲಿ ಒಂದು ಎಮ್ಮೆ ಕೂಗಿದ್ದು ಗೋಡೆಯ ಮೇಲಿದ್ದ ಅವಳಿಗೆ ಕೇಳಿಸಿತು. ಬೇಲಿ ಮುರಿದ ಸದ್ದೂ. ಕಾಲುವೆಯ ಏರಿಯ ಮೇಲೆ ಎರಡು ಕೊಂಬು ಓಡಿಬರುವುದೂ ಕಂಡಿತು. ಹಿಂದೆ ಪುಟ್ಟದೊಂದು ಕಪ್ಪು ಚುಕ್ಕೆ.

ಕೆಳಗೆ ಎಲ್ಲರೂ ನಗುತ್ತಿದ್ದರು. "ಇನ್ನೊಂದು! ಇನ್ನೊಂದೇ ಒಂದು!"

ಅವಳು ನೋಡಿದ್ದಳು. ಕೇಳಿಸಿಕೊಂಡಿದ್ದಳು. ಆದರೂ... ಆ ಚಪ್ಪಾಳೆಗಾಗಿ, ಆ ಒಂದೇ ಒಂದು ಚಪ್ಪಾಳೆಗಾಗಿ, ಮತ್ತೆ ಕರೆದಳು.

ಎಮ್ಮೆ ಏರಿ ಬಿಟ್ಟು ಅಡ್ಡದಾರಿ ಹಿಡಿಯಿತು. ಕಾಲುವೆಯ ಕಲ್ಲುಗಂಡಿಯಲ್ಲಿ ಕಾಲು ಸಿಕ್ಕಿ ಮುಗ್ಗರಿಸಿತು. ಹಿಂದೆ ಬಂದ ಕರು ಅಮ್ಮನನ್ನು ಹುಡುಕುತ್ತಾ ಬೆಟ್ಟದ ಹಿಮ ಕರಗಿದ ತಣ್ಣೀರಿಗೆ ಇಳಿಯಿತು.

ಜನ ಓಡಿದರು. ಸಬಾತೋ ಎಲ್ಲರಿಗಿಂತ ಮೊದಲೇ ನೀರಿನಲ್ಲಿದ್ದ. ಅವನ ತೋಳಲ್ಲಿ ಕರು ಮೇಲೆ ಬಂತು. ಉಸಿರಿರಲಿಲ್ಲ.

"ಬೇಲಿಗೆ ಗೂಟ ಹಾಕದೆ ಬಿಟ್ಟವನು ಯಾರು?" ದೊನ್ ಲಿಬೋರಿಯೋ ಗುಡುಗಿದರು. ನಗು ಆರಿದ ಮುಖ ಎಷ್ಟು ಬೇಗ ಧಣಿಯ ಮುಖವಾಗುತ್ತದೆ!

ಗೋಡೆಯ ಮೇಲಿನ ಕೂಗಿಗೆ ಎಮ್ಮೆ ಬಂದಿತೆಂದು ಯಾರ ತಲೆಗೂ ಹೊಳೆಯಲಿಲ್ಲ. ಎಮ್ಮೆ ಬರುವುದು ಅವನೊಬ್ಬನ ದನಿಗೆ ತಾನೇ? ಬಿಷಪ್ಪರಿಗೂ ತಿರುಗದ ಕತ್ತು ವೇಷದ ಹುಡುಗಿಗೆ ತಿರುಗೀತೇ?

"ಹೇಳೋ! ಯಾರು?"

ಸಬಾತೋ ಕರುವನ್ನು ಮೆಲ್ಲಗೆ ಹುಲ್ಲಿನ ಮೇಲೆ ಮಲಗಿಸಿದ. ತಲೆಯೆತ್ತಲಿಲ್ಲ.

"ತಪ್ಪು ನನ್ನದು, ಧಣಿ. ಗೂಟ ಹಾಕಿರಲಿಲ್ಲ."

ಎರ್ಸಿಲಿಯಾ ಅಲ್ಲೇ ನಿಂತಿದ್ದಳು. ಮೂಗಿನ ಕೆಳಗೆ ಇದ್ದಿಲಿನ ಮೀಸೆ. ಗಂಟಲಲ್ಲಿ ಒಂದು ಊರು. ಆದರೆ ತನ್ನದೇ ದನಿ ಬೇಕಾದಾಗ... ಅದೊಂದೇ ಮನೆಯಲ್ಲಿರಲಿಲ್ಲ.

*

ಸಬಾತೋನ ಕೋಲು ಕಿತ್ತುಕೊಂಡರು. ಹಿಂಡಿಗೆ ಕಾಪುವಾ ಕಡೆಯಿಂದ ಬೇರೆಯವನು ಬಂದ. "ಸಂತ ಜೋಸೆಫರ ಹಬ್ಬದವರೆಗೆ ಗಿಣ್ಣಿನ ಮನೆಯಲ್ಲಿ ಸೌದೆ ಒಡೆದುಕೊಂಡು ಬಿದ್ದಿರು" ಎಂದರು ಧಣಿ.

ಮೇಸ್ತ್ರಿ ಜೆರಾರ್ದೋಗೆ ಬೆನ್ನುನೋವು. "ಇಷ್ಟು ದಪ್ಪ ತೋಳು ಸೌದೆಗೆ ಯಾಕೆ? ತೊಟ್ಟಿ ಹತ್ತಿರ ಬಾ. ನೀನು ಹಿಡಿ, ಇವಳು ಚಿವುಟ್ತಾಳೆ."

ನೆಲ ಬಾಯಿ ಬಿಟ್ಟಿದ್ದರೆ ಎರ್ಸಿಲಿಯಾ ಇಳಿದುಹೋಗುತ್ತಿದ್ದಳು.

ಮೊಸರೆಲ್ಲಾ ಕುದಿನೀರಿಗೆ ಬಿದ್ದು ಮೊಝರೆಲ್ಲಾ ಎಂಬ ಗಿಣ್ಣಾಗುವ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ನಾದಿ ನಾದಿ ರೇಷ್ಮೆಯಂತಾದ ಬಿಸಿ ಮುದ್ದೆಯನ್ನು ಒಬ್ಬರು ಎರಡೂ ಕೈಯಲ್ಲಿ ಹಿಡಿಯಬೇಕು. ಎದುರಿಗೆ ನಿಂತವರು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಸುಕಿ ಉಂಡೆ ಬಿಡಿಸಬೇಕು. ಹಿಡಿದವನು ಬಿಗಿಯಬಾರದು, ಚಿವುಟುವವಳು ಎಳೆಯಬಾರದು. ಇಬ್ಬರ ಉಸಿರೂ ಒಂದೇ ಲಯಕ್ಕೆ ಬರಬೇಕು.

ಬೇರೆ ದಿನಗಳಾಗಿದ್ದರೆ... ಅಬ್ಬಾ! ಬೆರಳಿಗೆ ಬೆರಳು ತಾಗುವ ಈ ಕೆಲಸಕ್ಕೆ ಅವಳು ನಸುಕಿನಲ್ಲೇ ಓಡಿಬರುತ್ತಿದ್ದಳೇನೋ. ಈಗ ಅವನ ಬೆರಳು ತಾಗಿದಾಗಲೆಲ್ಲ ಕುದಿನೀರಿಗಿಂತ ಜೋರಾಗಿ ಸುಡುತ್ತಿತ್ತು. ಈ ಕೈಗಳಲ್ಲೇ ಅಲ್ಲವೇ ಕರು ಮೇಲೆ ಬಂದದ್ದು?

"ಬಿಸಿ ತಾಗ್ತಾ?" ಕೇಳಿದಳು, ತೊಟ್ಟಿಯನ್ನೇ ನೋಡುತ್ತಾ.

"ಇಲ್ಲ."

"ಕೈ ಕೆಂಪಾಗಿದೆ."

"ನಿಮ್ಮದೂ."

ನೀರಿಗೆ ಉಂಡೆ ಬೀಳುವ ಸದ್ದು ಮಾತ್ರ. ಪ್ಲಕ್... ಪ್ಲಕ್...

'ಬೈಯಬಾರದಾ ಇವನು? ಒಂದು ಸಲ ಕಣ್ಣು ಕೆಂಪಗೆ ಮಾಡಬಾರದಾ? ಏನೂ ಗೊತ್ತಿಲ್ಲ ಪಾಪ. ಗೊತ್ತಾದ ದಿನ ಈ ಮುಖ ನೋಡ್ತಾನಾ?'

ಒಂದು ಬೆಳಿಗ್ಗೆ ಅವನೇ ಮಾತು ತೆಗೆದ. "ನೀವು ಈಗ ಯಾರ ಹಾಗೂ ಮಾತಾಡಲ್ವಲ್ಲ?"

ಅವಳ ಬೆರಳು ನಿಂತಿತು. "ನನ್ನ ಹಾಗೇ ಮಾತಾಡೋದು ಕಲೀತಿದ್ದೀನಿ."

"ಬರ್ತಿದೆಯಾ?"

"...ಇಲ್ಲ."

ಅವನು ಕತ್ತೆತ್ತಿ ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ, ಪ್ರಶ್ನೆಯೂ ಇರಲಿಲ್ಲ. ಅದೇ ಅವಳಿಗೆ ತಡೆಯಲಾಗದ್ದು.

ಹೊರಗೆ ಹೊಸಬ ಎಮ್ಮೆಗಳನ್ನು ಕರೆಯುತ್ತಿದ್ದ. ಹೆಸರುಗಳು ಅವೇ, ರಾಗವೂ ಸುಮಾರಾಗಿ ಅದೇ. ಎಮ್ಮೆಗಳು ಮಾತ್ರ ತೆರಿಗೆಯವನನ್ನು ಕಂಡ ಊರಿನ ಹಾಗೆ ಕಲ್ಲಾಗಿ ನಿಂತಿರುತ್ತಿದ್ದವು. ಎಳೆದು ತಂದು ಕಟ್ಟಿ ಹಾಲು ಕರೆಯಬೇಕು. ಕುಂಟುವ ‘ನಾಳೆ ಹೇಳ್ತೀನಿ’ ಅಂತೂ ಹನಿ ಹಾಲು ಬಿಡಲಿಲ್ಲ. ಮುಖ ಕಾಲುವೆಯ ಕಡೆಗೆ ತಿರುಗಿಸಿ ನಿಂತದ್ದು ನಿಂತೇ ಇತ್ತು.

ಅಪ್ಪ ಅವತ್ತಿನ ಮೊದಲ ಉಂಡೆ ಕೊಯ್ದು ನೋಡಿದ. ಮುಖ ಸಿಂಡರಿಸಿದ.

"ಕೊಯ್ದರೆ ಮೊಝರೆಲ್ಲಾ ಹಾಲಿನ ಕಣ್ಣೀರು ಹಾಕಬೇಕು. ಇದನ್ನ ನೋಡು, ಒಣಗಣ್ಣು! ಮನಸ್ಸಿಲ್ಲದೆ ಕೊಟ್ಟ ಹಾಲು ಕಣಮ್ಮಾ ಇದು."

ಎರ್ಸಿಲಿಯಾ ಸೆರಗಿಲ್ಲದ ಊರಿನವಳು. ಸೊಂಟಕ್ಕೆ ಕಟ್ಟಿದ ಏಪ್ರನ್ನಿನ ತುದಿಯಲ್ಲೇ ಕಣ್ಣೊರೆಸಿಕೊಂಡಳು. "ಹಬೆ, ಅಪ್ಪಾ" ಎಂದಳು.

ಅಂದೇ ರಫಿಲೀನಾ ಅತ್ತೆ ಸುದ್ದಿ ತಂದಳು. "ಸಂತ ಜೋಸೆಫರ ಹಬ್ಬದ ಬೆಳಿಗ್ಗೆ ಅವನನ್ನ ಕಳಿಸಿಬಿಡ್ತಾರಂತೆ. ಫೋಜ್ಜಾ ಕಡೆ ಕುರಿ ಕಾಯೋಕೆ. ಕರು ಕಳ್ಕೊಂಡವನು ಅಂತ ಹೆಸರು ಬಿತ್ತಲ್ಲ, ಈ ಬಯಲಲ್ಲಿ ಇನ್ಯಾವ ಹಟ್ಟೀನೂ ಸೇರಿಸಲ್ಲ. ಎಮ್ಮೆ ಜೊತೆ ಮಾತಾಡ್ತಿದ್ದ ಬಾಯಿ, ಇನ್ನು ಕುರಿಗೆ ಹ್ಯಾ ಹ್ಯಾ ಅನ್ನಬೇಕು!"

ಮರುದಿನ ತೊಟ್ಟಿಯ ಬಳಿ ಇಬ್ಬರೇ. ಎರ್ಸಿಲಿಯಾ ಎದೆ ಗಟ್ಟಿ ಮಾಡಿಕೊಂಡಳು.

"ಸಬಾತೋ... ನಿಮಗೊಂದು ಮಾತು ಹೇಳಬೇಕು."

"ಹೇಳಿ."

"ಅವತ್ತು... ಕಾರ್ನಿವಾಲ್ ದಿನ..."

ಹೊರಗೆ ಅಪ್ಪನ ಕೆಮ್ಮು. ಅಷ್ಟೇ ಸಾಕಾಯಿತು ಅವಳ ಧೈರ್ಯ ಕರಗಲು.

"ಏನಿಲ್ಲ... ನಾಳೆ ಹೇಳ್ತೀನಿ."

ಬಾಯಿಂದ ಜಾರಿದ ಮೇಲೆ ತಿಳಿಯಿತು ಹೇಳಿದ್ದೇನೆಂದು. ಅವನ ಕೈಯಲ್ಲಿದ್ದ ಮುದ್ದೆ ಜಾರಿ ತೊಟ್ಟಿಗೆ ಬಿತ್ತು. ಬಿಸಿನೀರು ಇಬ್ಬರ ಮೇಲೂ ಸಿಡಿಯಿತು. ಇಬ್ಬರೂ ಕದಲಲಿಲ್ಲ.

"ಅವಳ ಹೆಸರು ಬೇಡ," ಎಂದ ಸಬಾತೋ ಬಲು ಮೆಲ್ಲಗೆ. "ಕರೆಯೋಕೆ ಆಗದೇ ಇರೋವಾಗ... ಬೇಡ."

*

ಸಂತ ಜೋಸೆಫರ ಹಬ್ಬ. ಅಂಗಳದಲ್ಲಿ ಎಣ್ಣೆಯಲ್ಲಿ ಕರಿದ ಸಿಹಿಯ ಪರಿಮಳ, ಹೊಸ ಬಟ್ಟೆಯ ಜನ. ಗೇಟಿನ ಬಳಿ ಬಟ್ಟೆಯ ಗಂಟು ಹಿಡಿದು ಸಬಾತೋ. ಅವನ ಕಣ್ಣು ಮಾತ್ರ ಗೋಡೆಯಾಚೆ ಮೇಯುತ್ತಿದ್ದ ಹಿಂಡಿನ ಮೇಲೆ. ಬಾಯಿ ಬಿಗಿ ಮುಚ್ಚಿತ್ತು. ಕರೆಯಕೂಡದೆಂದು ಧಣಿಯ ಆಜ್ಞೆ.

ಗಿಣ್ಣಿನ ಮನೆಯ ಬಾಗಿಲಲ್ಲಿ ಎರ್ಸಿಲಿಯಾ.

'ಹೋಗಲಿ ಬಿಡು. ಅವನೇ ಒಪ್ಪಿಕೊಂಡಿದ್ದಾನಲ್ಲ. ಹೇಳಿದರೆ ಅಪ್ಪನ ತಲೆ ತಗ್ಗುತ್ತದೆ. ಬಯಲಿಗೆಲ್ಲ ಕರು ಕೊಂದವಳು ಅಂತ ಹೆಸರಾಗುತ್ತದೆ...'

ಹೆಸರು! ಅವನ ಹೆಸರು ಆಗಲೇ ಹೋಗಿದೆಯಲ್ಲ!

ಕಾಲು ಓಡತೊಡಗಿದ್ದು ಅವಳಿಗೇ ತಿಳಿಯಲಿಲ್ಲ. ಓಡಿ ಅದೇ ಗೋಡೆ ಹತ್ತಿದಳು.

"ಧಣೀ! ಅವತ್ತು ಎಮ್ಮೆ ಕರೆದದ್ದು ನಾನು! ನನ್ನ ಕೂಗಿಗೇ ಅವಳು ಬೇಲಿ ಮುರಿದದ್ದು!"

ಅಂಗಳ ತಿರುಗಿತು. ದೊನ್ ಲಿಬೋರಿಯೋ ಕನಿಕರದಿಂದ ನಕ್ಕರು.

"ಇಳಿ ಮಗಳೇ. ಅವನನ್ನ ಉಳಿಸಬೇಕು ಅಂತ ಮನಸ್ಸು, ಅರ್ಥವಾಗುತ್ತೆ. ಆದ್ರೆ ಎಮ್ಮೆ ಬೇರೆಯವರ ದನಿಗೆ ಬರುತ್ತಾ? ಹೇಳೋ ಸುಳ್ಳನ್ನಾದ್ರೂ ಸರಿಯಾಗಿ ಹೇಳು."

"ಸುಳ್ಳಲ್ಲ! ಕೊಂಬು ಕಂಡಿತ್ತು ನನಗೆ. ಕರು ಹಿಂದೆ ಬರ್ತಿರೋದೂ ಕಂಡಿತ್ತು. ಕಂಡ ಮೇಲೂ... ನೀವೆಲ್ಲ ನಗ್ತಿದ್ರಿ ಅಂತ... ಮತ್ತೆ ಕರೆದೆ."

ಯಾರೋ ತಲೆಯಾಡಿಸಿದರು. ಯಾರೂ ನಂಬಲಿಲ್ಲ. ತಪ್ಪು ಒಪ್ಪಿಕೊಂಡರೂ ನಂಬದಿರುವ ಲೋಕ!

ಉಳಿದದ್ದು ಒಂದೇ ದಾರಿ. ಅವಳು ಹಿಂಡಿನ ಕಡೆ ತಿರುಗಿ ಬಾಯಿ ತೆರೆದಳು.

"ನಾಳೆ... ಹೇಳ್ತೀನಿ..."

ಒಡೆದ, ನಡುಗುವ ದನಿ. ಅವಳದೇ ಸ್ವಂತ ದನಿ. ಒಂದು ಕಿವಿಯೂ ಅಲುಗಲಿಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಎರ್ಸಿಲಿಯಾ ಕಣ್ಣು ಮುಚ್ಚಿದಳು. ತೆರೆದಿಟ್ಟ ಕಿಟಕಿ, ಚಳಿ, ಮಂಜು, ಮಂಜಿನಲ್ಲಿ ಎಳೆಯೆಳೆಯಾಗಿ ಬರುತ್ತಿದ್ದ ಆ ದನಿ... ಸೇಡಿಗೆಂದು ಕಲಿತದ್ದಲ್ಲ ಅದು. ಅಲ್ಲವೇ ಅಲ್ಲ.

"ನಾಳೆ ಹೇಳ್ತೀನೀ... ಓಓ ನಾಳೆ ಹೇಳ್ತೀನೀ..."

ಹಿಂಡಿನ ನಡುವಿನಿಂದ ಒಂದು ತಲೆ ಮೇಲೆದ್ದಿತು. ಕುಂಟುತ್ತಾ, ಕುಂಟುತ್ತಾ, ಆ ಕಪ್ಪು ಎಮ್ಮೆ ಗೋಡೆಯವರೆಗೂ ಬಂತು. ಅವಳ ಪಾದಗಳನ್ನು ಮೂಸಿತು. ಆಮೇಲೆ ಗೋಡೆಯ ಬುಡದಲ್ಲಿ ಆ ಕಡೆ ಈ ಕಡೆ ಮೂಸುತ್ತಾ ಹೋಯಿತು. ಅಂದು ಕರೆದವರು ಕರುವನ್ನು ಎಲ್ಲಿಟ್ಟಿದ್ದಾರೆಂದು ಹುಡುಕುವ ಹಾಗೆ.

ಯಾರೂ ನಗಲಿಲ್ಲ. ಅಪ್ಪ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

ಎರ್ಸಿಲಿಯಾ ಗೋಡೆಯಿಂದ ಜಾರಿ ಎಮ್ಮೆಯ ಮುಂದೆ ಕುಸಿದಳು. "ಇಲ್ಲ ಕಣೇ... ನನ್ನ ಹತ್ತಿರ ಇಲ್ಲ... ಇಲ್ಲ..."

ಧಣಿಯ ದನಿ ಇಳಿದಿತ್ತು. "ಹಾಗಾದ್ರೆ ಗೂಟ? ಸಬಾತೋ, ಗೂಟ ಹಾಕಿರಲಿಲ್ಲ ಅಂದೆಯಲ್ಲೋ?"

"ಹಾಕಿದ್ದೆ, ಧಣಿ."

"ಅಂದ್ರೆ ಇವಳೇ ಅಂತ ನಿನಗೆ ಗೊತ್ತಿತ್ತು!"

"ನನ್ನ ದನಿ ನನಗೆ ಗೊತ್ತಾಗಲ್ವಾ? ನಾನು ಬಾಯಿ ಮುಚ್ಚಿಕೊಂಡು ದೊಡ್ಡಿಯಲ್ಲಿ ನಿಂತಿದ್ದೆ. ನನ್ನ ದನಿ ಅಂಗಳದಿಂದ ಬಂತು."

ಎರ್ಸಿಲಿಯಾ ತಲೆ ಎತ್ತಿದಳು. ಗೊತ್ತಿತ್ತು! ತೊಟ್ಟಿಯ ಎದುರು ನಿಂತ ಅಷ್ಟೂ ದಿನ... ಗೊತ್ತಿತ್ತು!

"ತಪ್ಪು ನನ್ನದು ಅಂದದ್ದು ಸುಳ್ಳಲ್ಲ, ಧಣಿ. ಅವಳು ಬೇಲಿ ಮುರಿದಾಗ ನಾನು ಒಂದು ಸಲ ಕೂಗಿದ್ದರೆ ತಿರುಗಿ ಬರ್ತಿದ್ದಳು. ನಾನು ಕೂಗಲಿಲ್ಲ." ಅವನ ಕಿವಿ ಕೆಂಪಾಯಿತು. "ಕೇಳ್ತಾ ನಿಂತುಬಿಟ್ಟಿದ್ದೆ. ನನ್ನ ಕೂಗು ಅಷ್ಟು ಚೆನ್ನಾಗಿದೆ ಅಂತ ನನಗೇ ಗೊತ್ತಿರಲಿಲ್ಲ... ಇವರ ಬಾಯಲ್ಲಿ ಕೇಳೋವರೆಗೂ."

ದೊನ್ ಲಿಬೋರಿಯೋ ಕಾಲಿನ ಹೆಬ್ಬೆರಳನ್ನೇ ನೋಡಿಕೊಂಡರು. ತಾವೂ ಅವತ್ತು ‘ಇನ್ನೊಂದು’ ಎಂದು ಕೂಗಿದ್ದು ನೆನಪಾಯಿತೋ ಏನೋ. ಕೊನೆಗೆ ಗೋಡೆಗೆ ಒರಗಿಸಿದ್ದ ಕೋಲನ್ನು ತಾವೇ ತಂದು ಸಬಾತೋನ ಕೈಗಿಟ್ಟರು.

"ಮೇಸ್ತ್ರಿ, ನಾಳೆಯಿಂದ ನಿನ್ನ ಮಗಳು ದಿನಾ ಬೆಳಿಗ್ಗೆ ಇವಳ ಹಾಲು ಕರೀಲಿ. ಬಿಟ್ಟರೆ ಬಿಡಲಿ, ಬಿಡದಿದ್ರೆ ಬಕೆಟ್ ಹಿಡಿದು ಕೂತಿರಲಿ."

*

ಮರುದಿನ ಮತ್ತೆ ಮಂಜು.

ಎರ್ಸಿಲಿಯಾ ಬಕೆಟ್ ಹಿಡಿದು ಕೂತಿದ್ದಳು. ಮಂಜಿನೊಳಗಿಂದ ಹೆಸರುಗಳು ಒಂದೊಂದಾಗಿ ಬಂದವು. ಒಂದೊಂದು ಹೆಸರಿಗೂ ಒಂದೊಂದು ಕಪ್ಪು ನೆರಳು ಎದ್ದು ಬಂತು. ‘ನಾಳೆ ಹೇಳ್ತೀನಿ’ ಕುಂಟುತ್ತಾ ಬಂದು ಅವಳ ಮುಂದೆ ನಿಂತಿತು. ಮೊದಲು ಬೆರಳಿಗೆ ಏನೂ ಸಿಗಲಿಲ್ಲ... ಆಮೇಲೆ, ಬಕೆಟ್ಟಿನ ತಳಕ್ಕೆ ಸಣ್ಣದೊಂದು ಸದ್ದು. ಒಂದು ಹನಿ. ಮತ್ತೊಂದು.

ಅವಳು ಎಮ್ಮೆಯ ಹೊಟ್ಟೆಗೆ ಹಣೆ ಒತ್ತಿ ಅತ್ತಳು.

ಆಗ ಮಂಜಿನಿಂದ ಇನ್ನೊಂದು ಹೆಸರು. ಅದೇ ರಾಗ, ಅದೇ ಎಳೆ.

"ಎರ್ಸಿಲಿಯಾ... ಓಓ ಎರ್ಸಿಲಿಯಾ..."

ಅವಳು ಏಳಲಿಲ್ಲ. ಮತ್ತೆ ಕರೆದ. ಮೂಗೊರೆಸಿಕೊಂಡು ಎದ್ದು ನಡೆದಳು, ಕಣ್ಣು ನೆಲದ ಮೇಲೆ.

"ನಾನೇನು ಎಮ್ಮೆಯಾ, ಹಾಗೆ ಕರೆಯೋಕೆ?"

"ಎಮ್ಮೆಯಾಗಿದ್ರೆ ನೀನು ಒಂದೇ ಕೂಗಿಗೆ ಬರ್ತಿದ್ದೆ."

ಮೊದಲ ಸಲ ಅವನು ‘ನೀನು’ ಎಂದಿದ್ದ.

"ಯಾಕೆ ಕರೆದದ್ದು?"

"ಒಂದು ಮಾತು ಹೇಳೋಣ ಅಂತ. ಆದ್ರೆ ಈಗ... ನಾಳೆ..."

ಹಾಲು ಹತ್ತಿದ ಕೈ ಅವನ ಬಾಯಿ ಮುಚ್ಚಿತು. "ಇವತ್ತೇ ಹೇಳು. ಒಂದು ಸಲ ನಾಳೆ ಅಂದು ನಾನು ಪಟ್ಟದ್ದು ಸಾಕು."

ಅವನು ಆ ಕೈಯನ್ನು ಹಿಡಿದುಕೊಂಡ. ಬಿಗಿಯಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

"ನನ್ನ ಜೊತೆ ಇರ್ತೀಯಾ?"

"ಕರು ಸತ್ತದ್ದು ನನ್ನಿಂದ, ಸಬಾತೋ."

"ಗೊತ್ತು. ನನ್ನಿಂದಲೂ."

"ನಿನ್ನ ಮುಖ ನೋಡೋಕೆ ನಾಚಿಕೆಯಾಗುತ್ತೆ ನನಗೆ."

"ನನಗೂ ಆಗುತ್ತೆ."

"ಹಾಗಾದ್ರೆ... ಹೇಗೆ?"

ಹಿಂದೆ ‘ನಾಳೆ ಹೇಳ್ತೀನಿ’ ಉಸಿರೆಳೆದು ಕಾಲು ಬದಲಿಸಿತು.

"ಒಬ್ಬೊಬ್ಬರೇ ನಾಚಿಕೊಂಡು ಸಾಕಾಗಿದೆ, ಎರ್ಸಿಲಿಯಾ. ಇನ್ಮೇಲೆ ಒಟ್ಟಿಗೆ ನಾಚಿಕೊಳ್ಳೋಣ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. "ಹೂಂ," ಎಂದಳು.

ಆ ‘ಹೂಂ’ ಯಾರ ಹಾಗೂ ಇರಲಿಲ್ಲ. ಪೂರಾ ಅವಳದೇ ಆಗಿತ್ತು.